ಅಕ್ಕಪಕ್ಕದ ಎರಡು ಟಿಕೆಟ್ ಕೊಡ್ರೀ!



ಸಿನಿಮಾದಲ್ಲಿ ಮದುವೆಯಾದ ಜೋಡಿಗೆ ಏನು ಕಷ್ಟ ಹೇಳಿ? ತಾಳಿ ಕಟ್ಟಿದ ಮರುಕ್ಷಣವೇ ಕಟ್! ಹೀರೋ, ಹೀರೋಯಿನ್ ಇಬ್ಬರೂ ಊಟಿಯ ಹುಲ್ಲಿನ ಮೇಲೆ ಉರುಳುತ್ತಿರುತ್ತಾರೆ. ಯಾವ ಬಸ್ಸು ಹತ್ತಿದರು, ಚಾರ್ಜು ಎಷ್ಟಾಯಿತು, ಹೊರಡುವಾಗ ಅತ್ತೆ ಏನೆಂದಳು, ಆ ಹೊತ್ತಿನ ರೊಟ್ಟಿ ಯಾರು ಬಡಿದರು... ನಿರ್ದೇಶಕ ಮಹಾಶಯರಿಗೆ ಅದೆಲ್ಲ ಬೇಡ. ಎಡಿಟರ್ ಕೈಯಲ್ಲಿ ಕತ್ತರಿ ಇದೆಯಲ್ಲ!

ಆದರೆ ನಮ್ಮ ಅಫಜಲಪುರ ತಾಲೂಕಿನ ಚೌಡಾಪುರದಲ್ಲಿ ಶನಿವಾರ ಬೆಳಿಗ್ಗೆ ಬಸ್ಸಿಗೆ ನಿಂತ ಜೋಡಿಗೆ ಯಾವ ಕತ್ತರಿಯೂ ಇಲ್ಲ. ಇಡೀ ರೀಲು ತಾವೇ ಓಡಿಸಬೇಕು.

ಚೌಡಾಪುರ ಗೊತ್ತಿಲ್ಲದವರಿಗೆ ಒಂದು ಮಾತು. ಕಲಬುರಗಿಯಿಂದ ಅಫಜಲಪುರಕ್ಕೆ ಹೋಗುವ ದಾರಿಯಲ್ಲಿ ಸಿಗುವ ಊರು ಇದು. ದೇವಲ ಗಾಣಗಾಪುರದ ದತ್ತಾತ್ರೇಯನ ದರ್ಶನಕ್ಕೆ, ಭೀಮಾ-ಅಮರ್ಜಾ ಸಂಗಮದ ಸ್ನಾನಕ್ಕೆ ಹೋಗುವವರು ಇಲ್ಲೇ ತಿರುಗಬೇಕು. ಹುಣ್ಣಿಮೆ ಬಂತೆಂದರೆ ಮಹಾರಾಷ್ಟ್ರದ ಭಕ್ತರೂ ಸೇರಿ ಬಸ್ಸಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಎಲ್ಲೆಲ್ಲಿಯವರೋ ಈ ಊರು ದಾಟಿಕೊಂಡು ತಿರುಗಾಟಕ್ಕೆ ಬರುತ್ತಾರೆ. ಆದರೆ ಈ ಊರಿನ ಗಂಡ ಹೆಂಡತಿ ಇಬ್ಬರೇ ತಿರುಗಾಟಕ್ಕೆ ಹೊರಡೋದು ಯಾವಾಗ?

ಅದೇ ಈ ವಾರದ ಪ್ರಶ್ನೆ. ಶನಿವಾರ, ಭಾನುವಾರ ಎರಡು ದಿನ. ಕಲಬುರಗಿ ಪಟ್ಟಣ. ಹೊರಗಿನ ಊಟ, ಒಂದು ಸಿನಿಮಾ, ಒಂದಿಷ್ಟು ತಿರುಗಾಟ. ಜೊತೆಗೆ ಗೆಳೆಯರ ಗ್ಯಾಂಗಿಲ್ಲ, ಮನೆಮಂದಿಯ ಟ್ರ್ಯಾಕ್ಸಿಲ್ಲ. ಇಬ್ಬರೇ! ಆಗ್ತದೋ ಇಲ್ಲೋ? ಬರ್ರಿ, ಒಂದು ಜೋಡಿಯನ್ನು ಕಲ್ಪನೆ ಮಾಡಿಕೊಂಡು ಶೂಟಿಂಗ್ ಶುರು ಮಾಡೋಣ.

*ಮೊದಲ ರೀಲು: ಪರ್ಮಿಷನ್*

ನಮ್ಮ ಹೀರೋ ಶುಕ್ರವಾರದ ಫಸ್ಟ್ ಡೇ ಫಸ್ಟ್ ಶೋ ಎಂದೂ ಬಿಟ್ಟವನಲ್ಲ. ಒಂದೇ ಬೈಕಿನ ಮೇಲೆ ಮೂವರು. ಹೊರಡುವಾಗ ಮನೆಯಲ್ಲಿ ಯಾರೂ ಕೇಳುವುದಿಲ್ಲ. ಕೇಳಿದರೂ 'ಕಲಬುರ್ಗಿಗಿ ಹೊಂಟೀನಿ' ಅಂದರೆ ಮಾತು ಮುಗೀತು.

ಅದೇ ಮನುಷ್ಯ ಒಂದು ದಿನ ಧೈರ್ಯ ಮಾಡಿ, ಎರಡು ಸಲ ಕೆಮ್ಮಿ ಹೇಳುತ್ತಾನೆ:

'ಯವ್ವಾ, ನಾಳಿಗಿ ನಾವಿಬ್ರೂ ಕಲಬುರ್ಗಿಗಿ ಹೋಗಿ ಬರ್ತೀವಿ.'

'ಯಾಕ? ದವಾಖಾನಿಗೇನು?'

ನೋಡಿದಿರಾ! ಸೊಸೆ ಪಟ್ಟಣಕ್ಕೆ ಹೊರಟಳೆಂದರೆ ದವಾಖಾನೆ ಇರಬೇಕು, ಇಲ್ಲಾ ಮದುವೆಯ ಜವಳಿ ಇರಬೇಕು. ಸುಮ್ಮನೆ ಸಿನಿಮಾ ನೋಡಿ, ಊಟ ಮಾಡಿ ಬರೋದು ಕಾರಣಗಳ ಪಟ್ಟಿಯಲ್ಲೇ ಇಲ್ಲ. ಅತ್ತೆಯನ್ನು ಖಳನಾಯಕಿ ಮಾಡುವುದು ನನ್ನ ಉದ್ದೇಶ ಅಲ್ಲ ಸ್ವಾಮಿ. ಆಕೆಯ ಕಾಲಕ್ಕೆ ಆಕೆಗೂ ಯಾರೂ 'ನಡಿ, ಸಿನಿಮಾಕ್ಕ ಹೋಗೂಣು' ಅಂದಿರಲಿಕ್ಕಿಲ್ಲ. ಕಾಣದ್ದನ್ನು ಕೊಡು ಅಂದರೆ ಎಲ್ಲಿಂದ ಕೊಡ್ತಾಳೆ?

ಇನ್ನು ದುಡ್ಡಿನ ಮಾತು. 2023ರ ಆಗಸ್ಟಿನಲ್ಲಿ ಶುರುವಾದ ಗೃಹಲಕ್ಷ್ಮಿ ಯೋಜನೆಯ 2000 ರೂಪಾಯಿ ಮನೆಯ ಯಜಮಾನಿಯ ಹೆಸರಿಗೆ. ಕೂಡಿದ ಮನೆಯಲ್ಲಿ ಯಜಮಾನಿ ಅಂದರೆ ಸಾಮಾನ್ಯವಾಗಿ ಅತ್ತೆ. ಸೊಸೆಗೆ ನೇರವಾಗಿ ಸಿಕ್ಕದ್ದು ಅದೇ ವರ್ಷ ಜೂನ್ 11ರಂದು ಬಂದ ಶಕ್ತಿ ಯೋಜನೆ. ಸರ್ಕಾರಿ ಸಾದಾ ಬಸ್ಸಿನಲ್ಲಿ ರಾಜ್ಯದೊಳಗೆ ಎಲ್ಲಿಗಾದರೂ ಪುಕ್ಕಟೆ ಹೋಗಬಹುದು. ಅಂದರೆ ಲೆಕ್ಕ ಹೀಗಾಯಿತು: ಪಟ್ಟಣ ಮುಟ್ಟೋಕೆ ಚಾರ್ಜು ಬೇಡ, ಪಟ್ಟಣದಲ್ಲಿ ಇಳಿದ ಮೇಲೆ ಒಂದು ಕಪ್ ಚಾ ಕುಡಿಯಲು ಮಾತ್ರ ಸೆರಗಿನ ಗಂಟಿನಲ್ಲಿ ಕಾಸಿಲ್ಲ! ಆದ್ದರಿಂದ ಹೀರೋ ಸಾಹೇಬರೇ, ಹೊರಡುವ ಮೊದಲು ಒಂದಿನ್ನೂರು ರೂಪಾಯಿ ಅವಳ ಕೈಗೆ ಕೊಟ್ಟುಬಿಡಿ. ಯಾತಕ್ಕೆ ಅಂತ ಕೇಳಬೇಡಿ. ಲೆಕ್ಕವನ್ನಂತೂ ಕೇಳಲೇಬೇಡಿ.

*ಎರಡನೇ ರೀಲು: ಬಸ್ಸು*

ಬಸ್ಸು ಬಂತು. ಅವಳು ಮುಂದಿನ ಬಾಗಿಲಿನಿಂದ ಹತ್ತಿ ಹೆಂಗಸರ ಸೀಟಿನ ಕಡೆ ಹೋದಳು. ಇವನು ಹಿಂದೆ, ಕಂಬಿ ಹಿಡಿದು ನಿಂತ. ಮಧ್ಯೆ ಐವತ್ತು ಜನ, ಎರಡು ಜೋಳದ ಚೀಲ. ಕಂಡಕ್ಟರ್ ಬಂದು ಅವಳ ಆಧಾರ್ ಕಾರ್ಡು ನೋಡಿ ಸೊನ್ನೆ ಟಿಕೆಟ್ಟು ಹರಿದ. ಇವನಿಗೆ ಪೂರ್ತಿ ಚಾರ್ಜು. ಅದೂ 2025ರ ಜನವರಿ 5ರಿಂದ ಶೇಕಡಾ 15ರಷ್ಟು ಏರಿದ ಚಾರ್ಜು! 'ಹೆಂಗಸರಿಗೆ ಫ್ರೀ, ನಮಗ್ಯಾಕ ಬರಿ' ಅಂತ ಗೊಣಗುವ ಗೆಳೆಯರಿಗೆ ನನ್ನದೊಂದು ಮಾತು. ಮೊದಲು ಇಬ್ಬರ ಚಾರ್ಜು ನಿಮ್ಮ ಕಿಸೆಯಿಂದಲೇ ಹೋಗುತ್ತಿತ್ತು. ಈಗ ಉಳಿದ ದುಡ್ಡು ಎಲ್ಲಿ ಹೋಯಿತು? ಆ ದುಡ್ಡಿನಲ್ಲೇ ಮಿರ್ಚಿ ಭಜಿ ಬರ್ತದಲ್ರೀ!

ಇಳಿಯುವ ಮೊದಲು ಕಂಡಕ್ಟರನ್ನು ಒಂದು ಮಾತು ಕೇಳಿಡಿ: 'ತಿರುಗಿ ಬರಾಕ ಲಾಸ್ಟ್ ಬಸ್ ಎಷ್ಟಕ್ಕದ್ರಿ?' ಹಳ್ಳಿಯ ಜೋಡಿಯ ಸಿನಿಮಾ ಯಾವ ಆಟ ಎಂದು ತೀರ್ಮಾನ ಮಾಡುವವನು ಟಾಕೀಸಿನ ಮ್ಯಾನೇಜರ್ ಅಲ್ಲ, ಕೊನೆಯ ಬಸ್ಸಿನ ಡ್ರೈವರ್. ಬೈಕಿನ ಹುಡುಗರಿಗೆ ಸೆಕೆಂಡ್ ಶೋ. ಬಸ್ಸಿನ ಜೋಡಿಗೆ ಮ್ಯಾಟ್ನಿಯೇ ಗತಿ. ಕ್ಲೈಮ್ಯಾಕ್ಸಿನಲ್ಲಿ ಹೀರೋ ಹೊಡೆದಾಡುತ್ತಿದ್ದಾಗ ಗಡಿಯಾರ ನೋಡುತ್ತಾ ಕೂತರೆ ಏನು ಸುಖ?

'ಹಾಗಾದರೆ ರಾತ್ರಿ ಕಲಬುರಗಿಯಲ್ಲೇ ಉಳಿದರಾಯ್ತು, ನಮ್ಮ ಅತ್ತಿ ಮನಿ ಅದ' ಅನ್ನುತ್ತೀರಿ. ಉಳಿಯಿರಿ. ಆದರೆ ಏನಾಗುತ್ತದೆ ಗೊತ್ತಾ? ನೀವು ಹಾಲಿನಲ್ಲಿ ಮಾವನ ಜೊತೆ ಟೀವಿ ನೋಡುತ್ತಾ ಕೂಡುತ್ತೀರಿ. ಅವಳು ಚೀಲ ಇಟ್ಟು ಸೀದಾ ಅಡುಗೆಮನೆಗೆ ಹೋಗುತ್ತಾಳೆ. ಬಂದ ಸೊಸೆ ಸುಮ್ಮನೆ ಕೂತರೆ ಚಂದವೇ? ಬೆಳಿಗ್ಗೆ ಎದ್ದು ಅಲ್ಲಿಯೂ ಅದೇ ಹಿಟ್ಟು, ಅದೇ ಹಂಚು. ಊರು ಬದಲಾಯಿತು, ಡ್ಯೂಟಿ ಬದಲಾಗಲಿಲ್ಲ.

ಕಿಸೆ ಗಟ್ಟಿ ಇದ್ದರೆ ಬಸ್ ಸ್ಟ್ಯಾಂಡಿನ ಹತ್ತಿರ ಸಂಸಾರಸ್ಥರು ಇಳಿಯುವ ಲಾಡ್ಜು ನೋಡಿ. ಇಬ್ಬರ ಆಧಾರ್ ಕಾರ್ಡೂ ಇರಲಿ. ರೂಮು ಮೊದಲು ಅವಳು ನೋಡಲಿ, ಆಮೇಲೆ ನೀವು ದುಡ್ಡು ಕಟ್ಟಿ. ಅಷ್ಟು ಕಿಸೆ ಇಲ್ಲವೋ, ಶನಿವಾರ ಹೋಗಿ ರಾತ್ರಿಯೊಳಗೆ ಬನ್ನಿ, ಭಾನುವಾರ ಮತ್ತೆ ಹೋಗಿ. ಅವಳ ಟಿಕೆಟ್ಟು ಹೇಗೂ ಸೊನ್ನೆ!

*ಮೂರನೇ ರೀಲು: ಊಟ*

ಈಗ ಬಂತು ನೋಡಿ ಕಥೆಯ ಮುಖ್ಯ ಸೀನು. ಮಧ್ಯಾಹ್ನದ ಹಸಿವು. ಹೀರೋ ಗತ್ತಿನಿಂದ 'ನಡಿ, ದೊಡ್ಡ ಹೋಟ್ಲಿಗಿ ಹೋಗೂಣು. ಗೋಬಿ ಮಂಚೂರಿ, ನೂಡಲ್ಸ್ ತಿನ್ನೂಣು' ಅನ್ನುತ್ತಾನೆ. ಅವಳು 'ಖಾನಾವಳಿಗಿ ಹೋಗೂಣ್ರಿ' ಅನ್ನುತ್ತಾಳೆ.

ಇವನಿಗೆ ನಗು. ಮನೆಯಲ್ಲಿ ದಿನಾ ರೊಟ್ಟಿ, ಇಲ್ಲಿಗೆ ಬಂದೂ ರೊಟ್ಟಿಯೇ?

ಹುಚ್ಚಪ್ಪಾ, ವ್ಯತ್ಯಾಸ ನಿನಗೆ ತಿಳಿಯೋದಿಲ್ಲ. ಮನೆಯಲ್ಲಿ ಬಿಸಿ ರೊಟ್ಟಿ ತಿನ್ನುವವನು ನೀನು. ಅವಳು ಎಲ್ಲರಿಗೂ ಬಡಿದು ಹಾಕಿ, ಕೊನೆಗೆ ಕೂತಾಗ ಉಳಿದದ್ದು ಆರಿದ ರೊಟ್ಟಿ, ಬುಡದ ಪಲ್ಯ. ಖಾನಾವಳಿಯಲ್ಲಿ ಅವಳು ಕೂತಿರುತ್ತಾಳೆ. ಒಳಗೆ ಇನ್ಯಾರೋ ಬಡಿಯುವ ಸಪ್ಪಳ ಕೇಳುತ್ತಿರುತ್ತದೆ. ಹಬೆಯಾಡುವ ಜೋಳದ ರೊಟ್ಟಿ ಅವಳ ತಾಟಿಗೆ ಬಂದು ಬೀಳುತ್ತದೆ. ಪುಂಡಿಪಲ್ಯ, ಬದನೆಕಾಯಿ ಎಣ್ಣೆಗಾಯಿ, ಝುಣಕ, ಶೇಂಗಾ ಹಿಂಡಿ, ಮೊಸರು. 'ಅಕ್ಕಾ, ಇನ್ನೊಂದು ಬಿಸಿ ರೊಟ್ಟಿ ಹಾಕ್ಲೇನ್ರಿ?' ಅಂತ ಯಾರೋ ಅವಳನ್ನು ಕೇಳುತ್ತಾರೆ. ಗೆಳೆಯಾ, ಮದುವೆಯಾಗಿ ಬಂದಂದಿನಿಂದ ಆ ಮಾತು ಅವಳನ್ನು ಯಾರು ಕೇಳಿದ್ದರು?

ನಾನು ಪಿಯುಸಿ ಅರ್ಧಕ್ಕೇ ಬಿಟ್ಟವನು, ಅರ್ಥಶಾಸ್ತ್ರ ಓದಿದವನಲ್ಲ. ಆದರೂ ಒಂದು ಲೆಕ್ಕ ನನ್ನ ತಲೆ ಕೆಡಿಸುತ್ತದೆ. ಇದೇ ಕಲಬುರಗಿಯಲ್ಲಿ ಮಹಿಳಾ ಸ್ವಸಹಾಯ ಸಂಘಗಳ ಹೆಂಗಸರು ಬಡಿದ ರೊಟ್ಟಿಗೆ ಜಿಲ್ಲಾಡಳಿತ 'ಕಲಬುರಗಿ ರೊಟ್ಟಿ' ಎಂಬ ಹೆಸರು ಕೊಟ್ಟು ಮಾರುಕಟ್ಟೆಗೆ ತಂದಿತು. 2025ರ ಜೂನ್ 29ರ 'ಮನ್ ಕೀ ಬಾತ್' ರೇಡಿಯೋ ಭಾಷಣದಲ್ಲಿ ಪ್ರಧಾನಿಯೇ ಆ ಹೆಂಗಸರ ಮಾತು ಆಡಿದರು. ನಮ್ಮ ಜಿಲ್ಲೆಯ ತೊಗರಿಬೇಳೆಗಂತೂ 2019ರಲ್ಲೇ ಜಿಐ ಮಾನ್ಯತೆ ಸಿಕ್ಕಿತು. ರೊಟ್ಟಿಗೆ ಬೆಲೆ ಬಂತು, ಬೇಳೆಗೆ ಹೆಸರು ಬಂತು. ಅದೇ ರೊಟ್ಟಿಯನ್ನು, ಅದೇ ಬೇಳೆಯನ್ನು ಮನೆಯಲ್ಲಿ ದಿನಾ ಎರಡು ಹೊತ್ತು ಮಾಡಿಹಾಕುವ ಕೈಗೆ ಏನು ಬಂತು? ಕನಿಷ್ಠ ಎರಡು ದಿನ ರಜೆಯಾದರೂ ಬರಲಿ ಅಂತ ನನ್ನ ವಾದ.

ಸಂಜೆ ಮಿರ್ಚಿ ಭಜಿ, ಸುಸಲಾ ತಿನ್ನಿ. ಮಾಂಸ ತಿನ್ನುವವರಾದರೆ ಬಿರಿಯಾನಿ, ತಹರಿಗೆ ಕಲಬುರಗಿಯಲ್ಲಿ ಕೊರತೆಯಿಲ್ಲ. ನೂಡಲ್ಸೂ ತಿನ್ನಿ, ಯಾರು ಬೇಡ ಅಂದರು? ಆದರೆ ಮೊದಲ ಊಟ ಎಲ್ಲಿ ಅಂತ ಅವಳೇ ಹೇಳಲಿ.

*ಇಂಟರ್ವಲ್ ಆದ ಮೇಲೆ: ಟಾಕೀಸು*

ಸಿನಿಮಾ ಯಾವುದು? ಅಭಿಮಾನಿ ದೇವರುಗಳೇ, ಇಲ್ಲಿಯೇ ನಿಮ್ಮ ನಿಜವಾದ ಪರೀಕ್ಷೆ. ನಿಮ್ಮ ಬಾಸ್ ಚಿತ್ರ ಬಿಡುಗಡೆಯಾಗಿದೆ, ಪಕ್ಕದ ಪರದೆಯಲ್ಲಿ ಒಂದು ಸಂಸಾರದ ಚಿತ್ರ ಇದೆ, ಇನ್ನೊಂದರಲ್ಲಿ ಹಿಂದಿ ಚಿತ್ರ ಇದೆ. ಅವಳನ್ನು ಕೇಳಿದ್ದೀರಾ? ಕೇಳಿದರೆ ಅವಳು 'ನಿಮಗ ಯಾವ್ದು ಬೇಕೋ ಅದಾ' ಅನ್ನುತ್ತಾಳೆ. ಅದನ್ನು ಉತ್ತರ ಅಂತ ತಿಳಿಯಬೇಡಿ. ಇನ್ನೊಂದು ಸಲ ಕೇಳಿ. ಪೋಸ್ಟರುಗಳ ಮುಂದೆ ನಿಂತು ಮೂರನೇ ಸಲ ಕೇಳಿ. ಆಗ ನಿಜವಾದ ಮಾತು ಬಾಯಿಗೆ ಬರುತ್ತದೆ.

ಹೆಂಗಸರ ಆಯ್ಕೆ ಅಂದರೆ ಮೂಗು ಮುರಿಯಬೇಡಿ. ಕನ್ನಡ ಚಿತ್ರರಂಗ ನಿಂತದ್ದೇ ಆ ಆಯ್ಕೆಯ ಮೇಲೆ. 1971ರ 'ಶರಪಂಜರ' ಗೆದ್ದದ್ದು ಯಾರ ಕಣ್ಣೀರಿನಿಂದ? 1972ರ 'ಬಂಗಾರದ ಮನುಷ್ಯ' ಬೆಂಗಳೂರಿನ ಸ್ಟೇಟ್ಸ್ ಟಾಕೀಸಿನಲ್ಲಿ ಎರಡು ವರ್ಷ ಓಡಿತಲ್ಲ, ಬರೀ ಶಿಳ್ಳೆಯಿಂದ ಅಷ್ಟು ದಿನ ಓಡುತ್ತದೆಯೇ? ನಮ್ಮಂಥ ಪಡ್ಡೆಗಳು ಚಿತ್ರವನ್ನು ಮೊದಲ ವಾರ ಓಡಿಸುತ್ತೇವೆ. ಇಪ್ಪತ್ತೈದನೇ ವಾರಕ್ಕೆ ಒಯ್ಯುವವರು ಸಂಸಾರಸ್ಥರು. ದೂರದ ಮಾತು ಬೇಡ. 2025ರ ಜುಲೈ 25ರಂದು ಬಂದ 'ಸು ಫ್ರಮ್ ಸೋ' ನೆನಪಿಸಿಕೊಳ್ಳಿ. ದೊಡ್ಡ ಸ್ಟಾರು ಇಲ್ಲ, ಆಳೆತ್ತರದ ಕಟೌಟಿಲ್ಲ. ನೋಡಿದವರು ಮನೆಗೆ ಹೋಗಿ ಹೇಳಿದರು, ಮನೆಯವರೆಲ್ಲ ಬಂದರು, ಗಲ್ಲಾಪೆಟ್ಟಿಗೆ ತುಂಬಿತು.

ಈಗ ರೇಟಿನ ಮಾತು. 2025ರ ಸೆಪ್ಟೆಂಬರ್ 12ರಂದು ರಾಜ್ಯ ಸರ್ಕಾರ 'ತೆರಿಗೆ ಬಿಟ್ಟು ಟಿಕೆಟ್ಟು 200 ರೂಪಾಯಿ ದಾಟಬಾರದು' ಎಂದು ನಿಯಮ ತಂದಿತು. ನಾವು ಚಪ್ಪಾಳೆ ಹೊಡೆದು ಮುಗಿಸುವುದರೊಳಗೆ, ಅದೇ ತಿಂಗಳ 23ರಂದು ಹೈಕೋರ್ಟು ಅದಕ್ಕೆ ಮಧ್ಯಂತರ ತಡೆ ಕೊಟ್ಟಿತು. ಅದರ ಹಿಂದಿನ ದಿನ, 22ರಂದು, ಜಿಎಸ್‌ಟಿ ಬದಲಾಗಿ 100 ರೂಪಾಯಿವರೆಗಿನ ಟಿಕೆಟ್ಟಿಗೆ ತೆರಿಗೆ ಶೇಕಡಾ 5 ಆಯಿತು. ಅದಕ್ಕಿಂತ ಮೇಲಿನದಕ್ಕೆ 18 ಹಾಗೇ ಉಳಿಯಿತು.

ಲೆಕ್ಕ ಹಾಕಿ. 100 ರೂಪಾಯಿ ಟಿಕೆಟ್ಟು ಎರಡಕ್ಕೆ ತೆರಿಗೆ ಸೇರಿ 210. 200 ರೂಪಾಯಿ ಟಿಕೆಟ್ಟು ಎರಡಕ್ಕೆ ತೆರಿಗೆ ಸೇರಿ 472. ನರೇಗಾ ಕೆಲಸದ ದಿನಗೂಲಿ ನಮ್ಮ ರಾಜ್ಯದಲ್ಲಿ 2025-26ಕ್ಕೆ ಇದ್ದದ್ದು 370. ಅಂದರೆ ದುಬಾರಿ ಸೀಟಿನಲ್ಲಿ ಎರಡೂವರೆ ತಾಸು ಕೂಡಬೇಕಾದರೆ ಒಂದು ಇಡೀ ದಿನ ಮಣ್ಣು ಹೊತ್ತರೂ ಸಾಲದು! ಆದ್ದರಿಂದ ಒಂಟಿ ಪರದೆಯ ಹಳೆ ಟಾಕೀಸನ್ನು ಮರೆಯಬೇಡಿ. 2020ರ ಕೋವಿಡ್ ಬಾಗಿಲು ಮುಚ್ಚಿಸಿದ ಮೇಲೆ ರಾಜ್ಯದಲ್ಲಿ ಎಷ್ಟೋ ಟಾಕೀಸುಗಳು ಮತ್ತೆ ತೆರೆಯಲೇ ಇಲ್ಲ. ಉಳಿದವಕ್ಕೆ ನಾವೇ ಆಧಾರ.

ಇನ್ನೊಂದು ಉಪಯೋಗದ ಮಾತು, ಕತ್ತರಿಸಿ ಕಿಸೆಯಲ್ಲಿಟ್ಟುಕೊಳ್ಳಿ. ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲ ಅನ್ನುವ ಅಧಿಕಾರ ಟಾಕೀಸಿನವರಿಗೆ ಉಂಟು ಎಂದು 2023ರ ಜನವರಿ 3ರಂದು ಸುಪ್ರೀಂ ಕೋರ್ಟು ಹೇಳಿತು. ಆದರೆ ಅದೇ ತೀರ್ಪಿನಲ್ಲಿ, ಕುಡಿಯುವ ಶುದ್ಧ ನೀರು ಪುಕ್ಕಟೆ ಕೊಡಬೇಕು ಎಂದೂ ಹೇಳಿತು. ಎಳೆಗೂಸಿಗೆ ಬೇಕಾದ ಆಹಾರ ತಾಯಿ ಒಳಗೆ ಒಯ್ಯಬಹುದು. ನೀರಿನ ಬಾಟಲಿಗೆ ದುಡ್ಡು ಸುರಿಯುವ ಮೊದಲು 'ಕುಡಿಯೋ ನೀರು ಎಲ್ಲಿಟ್ಟೀರಿ?' ಅಂತ ಗಟ್ಟಿಯಾಗಿ ಕೇಳಿ. ಕೇಳೋದಕ್ಕೆ ನಾಚಿಕೆ ಯಾಕೆ?

ಇನ್ನು ಕೂಡುವ ಜಾಗ. ಟೂರಿಂಗ್ ಟಾಕೀಸಿನ ಕಾಲದಲ್ಲಿ ಹೆಂಗಸರು ಒಂದು ಕಡೆ, ಗಂಡಸರು ಒಂದು ಕಡೆ. ಗಂಡ ಹೆಂಡತಿ ಒಂದೇ ಚಿತ್ರವನ್ನು ಬೇರೆ ಬೇರೆಯಾಗಿ ನೋಡಿ, ಹೊರಗೆ ಬಂದು ಎತ್ತಿನ ಗಾಡಿಯ ಹತ್ತಿರ ಸೇರುತ್ತಿದ್ದರು. ಬಸ್ಸಿನಲ್ಲಿ ಇಂದಿಗೂ ಅವಳು ಮುಂದೆ, ಇವನು ಹಿಂದೆ. ಊರೊಳಗೆ ನಡೆದರೆ ಇವನು ಹತ್ತು ಹೆಜ್ಜೆ ಮುಂದೆ, ಅವಳು ಹಿಂದೆ. ಯೋಚಿಸಿ ನೋಡಿ, ಚೌಡಾಪುರದ ಜೋಡಿ ನಾಲ್ಕು ಜನರ ನಡುವೆ ಅಕ್ಕಪಕ್ಕ ಎರಡೂವರೆ ತಾಸು ಕೂಡಲು ಸಿಗುವ ಜಾಗ ಟಾಕೀಸು ಬಿಟ್ಟರೆ ಇನ್ನೊಂದು ಯಾವುದು? ಕತ್ತಲಲ್ಲಿ ಅವಳು ಬಾಯಿ ತುಂಬಾ ನಗಬಹುದು. ಯಾರಿಗೂ ಕಾಣದ ಹಾಗೆ ಅಳಬಹುದು. ಸೆರಗು ಸರಿ ಇದೆಯೋ ಇಲ್ಲವೋ ಎಂದು ನೋಡಿಕೊಳ್ಳುವ ಗೋಜಿಲ್ಲ.

ಅದಕ್ಕೇ ಹೇಳುತ್ತೇನೆ, ಹಿಂದಿನ ಸಾಲಿನ ಹೀರೋಗಳೇ, ಕೇಳಿ. ಜೋಡಿಯೊಂದು ಒಳಗೆ ಬಂದ ಕೂಡಲೇ 'ಓಹೋ...' ಅಂತ ಕೂಗು ಹಾಕುತ್ತೀರಲ್ಲ, ಆ ಕೂಗಿಗೆ ಅವಳು ಮುಂದಿನ ಸಲ ಟಾಕೀಸಿಗೇ ಬರುವುದಿಲ್ಲ. ನಾಳೆ ನೀವು ನಿಮ್ಮ ಹೆಂಡತಿಯನ್ನು ಕರೆತಂದಾಗ ಆ ಸಾಲಿನಲ್ಲಿ ಇನ್ಯಾರೋ ಕೂತಿರುತ್ತಾರೆ. ತೆರೆಯ ಮೇಲೆ ನಾಯಕಿಗೆ ತೊಂದರೆ ಕೊಟ್ಟವನನ್ನು ಬಾಸ್ ಹೊಡೆದಾಗ ಶಿಳ್ಳೆ ಹಾಕಿ. ತೆರೆಯ ಕೆಳಗೆ ಆ ಖಳನ ಪಾತ್ರ ನೀವೇ ಮಾಡಬೇಡಿ.

*ಕೊನೆಯ ರೀಲು: ಭಾನುವಾರ*

ಎರಡನೇ ದಿನ ದುಡ್ಡು ಕಡಿಮೆ, ನೋಡೋದು ಜಾಸ್ತಿ. ಬೆಳಿಗ್ಗೆ ಶರಣಬಸವೇಶ್ವರರ ಗುಡಿ, ಮುಗಿಸಿಕೊಂಡು ಅಪ್ಪನ ಕೆರೆಯ ದಂಡೆ. ಅಲ್ಲಿಂದ ಕೋಟೆ. 1367ರಲ್ಲಿ ಕಟ್ಟಿದ ಜಾಮಿ ಮಸೀದಿ ಅಲ್ಲಿದೆ. ಬೇರೆ ಮಸೀದಿಗಳಿಗೆ ಇರುವಂಥ ಬಯಲು ಅಂಗಳ ಇದಕ್ಕಿಲ್ಲ, ಇಡೀ ಕಟ್ಟಡವೇ ಛಾವಣಿಯ ಕೆಳಗೆ. 29 ಅಡಿ ಉದ್ದದ ಬಾರಾ ಗಜಿ ತೋಪು ನೋಡಿ. ಬಂದೇ ನವಾಜರ ದರ್ಗಾಕ್ಕೆ ಹೋಗಿ ಬನ್ನಿ. ಹೊತ್ತಿದ್ದರೆ 2009ರ ಜನವರಿಯಲ್ಲಿ ಉದ್ಘಾಟನೆಯಾದ ಬುದ್ಧ ವಿಹಾರ ಇದೆ. ಅಲ್ಲಿಯ ನೆರಳಿನಲ್ಲಿ ಕೂತರೆ ಯಾರೂ ಎಬ್ಬಿಸುವುದಿಲ್ಲ.

ಸಿನಿಮಾ ಹುಚ್ಚರು ಇನ್ನೊಂದು ಹೆಸರು ತಿಳಿದಿರಬೇಕು. ಪಟ್ಟಣದ ರಂಗಮಂದಿರಕ್ಕೆ ಎಸ್. ಎಂ. ಪಂಡಿತರ ಹೆಸರಿದೆ. 1916ರಲ್ಲಿ ಇದೇ ಕಲಬುರಗಿಯಲ್ಲಿ ಹುಟ್ಟಿ, ಮುಂಬಯಿಗೆ ಹೋಗಿ ಸಿನಿಮಾ ಪೋಸ್ಟರುಗಳನ್ನು, 'ಫಿಲ್ಮ್ ಇಂಡಿಯಾ' ಪತ್ರಿಕೆಯ ಮುಖಪುಟಗಳನ್ನು ಬರೆದ ಕಲಾವಿದ ಅವರು. ನಮ್ಮ ನೆಲದ ಕೈ ಬರೆದ ಪೋಸ್ಟರು ನೋಡಿ ದೇಶದ ಜನ ಟಾಕೀಸಿಗೆ ನುಗ್ಗಿದ್ದಾರೆ. ರಂಗಮಂದಿರದ ಮುಂದೆ ಹಾದು ಹೋಗುವಾಗ ಈ ಕಥೆ ಅವಳಿಗೆ ಹೇಳಿ. ಅವಳಿಗೂ ಅಂಥ ಕಥೆಗಳು ಬೇಕು. ನಾವು ಮಾತ್ರ ಅವನ್ನೆಲ್ಲ ಚಾದಂಗಡಿಯ ಗೆಳೆಯರಿಗಾಗಿ ಎತ್ತಿಡುತ್ತೇವೆ.

ಸಂಜೆ ಬಸ್ಸು. ಮನೆಗೆ ಮುಟ್ಟಿದಾಗ ಅತ್ತೆಯ ಕೈಗೆ ಒಂದು ಪೊಟ್ಟಣ ಭಜಿಯೋ ಫೇಡೆಯೋ ಕೊಡಿ. ಲಂಚ ಅಂತಲ್ಲ, ಎರಡು ದಿನ ಒಲೆಯ ಮುಂದೆ ಕೂತವಳು ಆಕೆ. 'ಯವ್ವಾ, ಮುಂದಿನ ತಿಂಗಳ ನೀನೂ ಅಪ್ಪನೂ ಹೋಗಿ ಬರ್ರಿ' ಅಂದು ನೋಡಿ. ಬೈಯ್ಯುತ್ತಾಳೆ. 'ಈ ವಯಸ್ಸಿನಾಗ ನನಗ್ಯಾತಕಪ್ಪಾ ಸಿನಿಮಾ' ಅನ್ನುತ್ತಾಳೆ. ಆದರೆ ಮೂರು ದಿನ ಬಿಟ್ಟು, 'ಆ ಚಿತ್ರದ ಕಥಿ ಏನಿತ್ತ ತಂಗಿ?' ಅಂತ ಸೊಸೆಯನ್ನು ಮೆಲ್ಲಗೆ ಕೇಳದಿದ್ದರೆ ನನ್ನ ಹೆಸರು ಬದಲಾಯಿಸಿ!

1982ರ 'ಹಾಲು ಜೇನು' ನೋಡಿದ್ದೀರಾ? ಸಿಂಗೀತಂ ಶ್ರೀನಿವಾಸರಾಯರ ನಿರ್ದೇಶನ. ಕ್ಯಾನ್ಸರ್ ಹತ್ತಿದ ಹೆಂಡತಿಯನ್ನು ಮಗುವಿನ ಹಾಗೆ ನೋಡಿಕೊಳ್ಳುವ ಗಂಡನಾಗಿ ಅಣ್ಣಾವ್ರು, ಹೆಂಡತಿಯಾಗಿ ಮಾಧವಿ. ಎಷ್ಟು ಸಲ ನೋಡಿದರೂ ಗಂಟಲು ಕಟ್ಟುತ್ತದೆ. ಆದರೆ ಗೆಳೆಯರೇ, ಹೆಂಡತಿಯನ್ನು ನೋಡಿಕೊಳ್ಳಲು ಕಾಯಿಲೆಯೇ ಬರಬೇಕೇ? ಪಟ್ಟಣಕ್ಕೆ ಹೋಗಲು ದವಾಖಾನೆಯೇ ಕಾರಣ ಆಗಬೇಕೇ? ಗಟ್ಟಿಮುಟ್ಟಾಗಿ ನಗುನಗುತ್ತಾ ಇರುವಾಗಲೇ ಒಂದು ಶನಿವಾರ ಕರೆದುಕೊಂಡು ಹೋದರೆ ಯಾವ ಸೆನ್ಸಾರ್ ಬೋರ್ಡು ಅಡ್ಡ ಬರುತ್ತದೆ?

ಅಣ್ಣಾವ್ರ ಅಭಿಮಾನಿ ಅಂತ ಎದೆ ತಟ್ಟಿಕೊಳ್ಳುವವರೆಲ್ಲ ಬರುವ ಶನಿವಾರ ಕೌಂಟರಿನ ಮುಂದೆ ನಿಂತು ಹೇಳಿ: 'ಅಕ್ಕಪಕ್ಕದ ಎರಡು ಟಿಕೆಟ್ ಕೊಡ್ರೀ!' ಮದುವೆಯಾಗದ ಹುಡುಗರು ಈ ಪುಟವನ್ನು ಹರಿದು ಜೋಪಾನವಾಗಿಡಿ. ನಿಮ್ಮ ರೀಲೂ ಒಂದು ದಿನ ಓಡಲಿಕ್ಕಿದೆ.

ಹೋಗಿ ಬಂದವರು ಕಾರ್ಡು ಬರೆಯಿರಿ. ಯಾವ ಚಿತ್ರ ನೋಡಿದಿರಿ ಎನ್ನುವುದಕ್ಕಿಂತ, ಯಾರು ಆರಿಸಿದರು ಎನ್ನುವುದನ್ನು ಮೊದಲು ಬರೆಯಿರಿ.

ಮುಂದಿನ ವಾರ ಸಿಗೋಣ. ಬರ್ಲಾ?